ಲಿತಿಯಾನಾ ಬುಬುವಿನ ಅರ್ಧ ಬಟ್ಟಲು

ಬೆಳಗಿನ ಐದೂವರೆ. ದ್ವೀಪದ ಪುಟ್ಟ ಊರು ಲಂಬಾಸಾದ ಸಕ್ಕರೆ ಗಿರಣಿಯ ಮುಂದೆ ಕಬ್ಬಿನ ಲಾರಿಗಳು ಆಗಲೇ ಸಾಲುಗಟ್ಟಿವೆ. ಬಸ್‌ಸ್ಟ್ಯಾಂಡಿನ ಎದುರಿನ ಮೂನ್‌ಲೈಟ್ ಟಾಕೀಸಿನೊಳಗೆ ಲಿತಿಯಾನಾ ತೆಂಗಿನ ಕಡ್ಡಿಯ ಪೊರಕೆ ಹಿಡಿದು ಕುರ್ಚಿಗಳ ಅಡಿಯಿಂದ ಕಡಲೆಸಿಪ್ಪೆ ಎಳೆಯುತ್ತಿದ್ದಾರೆ. ವಯಸ್ಸು ಅರವತ್ತೊಂದು. ಊರಿಗೆಲ್ಲ ಅವರು ಬುಬು, ಅಂದರೆ ಅಜ್ಜಿ. "ಪಿಚ್ಚರ್ ಚೆನ್ನಾಗಿದ್ರೆ ಕಸ ಕಮ್ಮಿ. ಬಾಯಿಗೆ ಹಾಕ್ಕೊಳ್ಳೋದೇ ಮರೀತಾರೆ. ನಿನ್ನೇದು ನೋಡಿ, ಎರಡು ಚೀಲ!" ಎಂದು ನಗುತ್ತಾರೆ.

ಗುಡಿಸಿ ಮುಗಿದ ಮೇಲೆ ಅವರ ಅಸಲು ಕೆಲಸ. ಟಿಕೆಟ್ ಕಿಟಕಿಯ ಪಕ್ಕದ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ತೆಂಗಿನ ಚಿಪ್ಪಿನ ಬಟ್ಟಲು ಬಿಡಿಸುತ್ತಾರೆ. ಬೇರು ಅರೆದು ಮಾಡುವ ಕಾವಾ ಕುಡಿಯಲು ಕೂತವರನ್ನು 'ಉಬ್ಬರವೋ, ಇಳಿತವೋ', ಅಂದರೆ ತುಂಬು ಬಟ್ಟಲೋ ಅರ್ಧವೋ, ಎಂದು ಕೇಳಿಯೇ ಸುರಿಯುವ ಊರಿದು. ಬುಬುವಿನ ಅಳತೆಯೂ ಅದೇ. ಮನಸ್ಸಿಗೆ ಹಿಡಿಸಿದ ಚಿತ್ರಕ್ಕೆ ತುಂಬು ಬಟ್ಟಲು, ಪರವಾಗಿಲ್ಲ ಎಂದರೆ ಅರ್ಧ, ತಲೆನೋವು ತಂದರೆ ಬೋರಲು ಬಟ್ಟಲು. ಕೆಳಗೊಂದು ಸಾಲು ಅಭಿಪ್ರಾಯ. ಬಸ್ಸಿಳಿದವರು ಪೋಸ್ಟರ್ ನೋಡುವುದಿಲ್ಲ, ಬಟ್ಟಲು ನೋಡುತ್ತಾರೆ.

ಮೂವತ್ತೊಂದು ವರ್ಷ, ದಿನಕ್ಕೆ ಮೂರು ಆಟ, ಮುನ್ನೂರ ಹನ್ನೆರಡು ಕುರ್ಚಿ. ಅದರಲ್ಲಿ ಒಂದರ ಮೇಲೂ ಬುಬು ಕೂತಿಲ್ಲ. ಟಿಕೆಟ್ಟಿನ ದುಡ್ಡು ಕೊಟ್ಟರೂ ಸರಿ, ಕೆಲಸದವರು ಕೂರಬಾರದೆಂಬುದು ಹಳೆಯ ಯಜಮಾನರ ಕಟ್ಟಳೆ. ಕೊನೆಯ ಸಾಲಿನ ಹಿಂದೆ ಪೊರಕೆ ಊರಿಕೊಂಡು ನಿಂತೇ ನೋಡುತ್ತಾರೆ. ಮೊಣಕಾಲು ಊದಿದರೆ ತೆಂಗಿನೆಣ್ಣೆ ತಿಕ್ಕುತ್ತಾರೆ. ಮೆತ್ತನೆಯ ಸೀಟಿನಲ್ಲಿ ನಿದ್ದೆ ಹೊಡೆದು ಎದ್ದು ಚಿತ್ರಗಳಿಗೆ ನಕ್ಷತ್ರ ಹಂಚುವ ನಮ್ಮಂಥ ಪತ್ರಿಕೆಯವರಿಗೆ ನಾಚಿಕೆಯಾಗಬೇಕು.

ಒಮ್ಮೆ ಬುಬುವೂ ಎಡವಿದ್ದುಂಟು. ಹಳೆಯ ಯಜಮಾನರು ಕೇಳಿಕೊಂಡರೆಂದು, ಅರ್ಧವಷ್ಟೇ ನೋಡಿದ ಚಿತ್ರಕ್ಕೆ ತುಂಬು ಬಟ್ಟಲು ಬಿಡಿಸಿದರು. ಕಬ್ಬು ಕಡಿಯುವವನೊಬ್ಬ ಅದನ್ನು ನಂಬಿ, ದೂರದ ಸೆಯಂಗಂಗಾ ಹಳ್ಳಿಯಿಂದ ಹೆಂಡತಿ ಮಕ್ಕಳನ್ನು ಬಸ್ಸು ಹತ್ತಿಸಿಕೊಂಡು ಬಂದ. ಆಟ ಬಿಟ್ಟಾಗ ಅವನು ಬೈಯಲಿಲ್ಲ. "ಬುಬು, ಇದನ್ನ ನೀವು ನೋಡಿದ್ರಾ?" ಎಂದನಷ್ಟೇ.

"ಕಪಾಳಕ್ಕೆ ಹೊಡೆದಿದ್ರೆ ಮರ್ತುಬಿಡ್ತಿದ್ದೆ," ಎನ್ನುತ್ತಾರೆ. ಅಂದಿನಿಂದ ಕೊನೆತನಕ ನೋಡದೆ ಸೀಮೆಸುಣ್ಣ ಮುಟ್ಟಿಲ್ಲ.

ಇವತ್ತು ಹಲಗೆಯ ಮೇಲೆ ಅರ್ಧ ಬಟ್ಟಲು. ನಿನ್ನೆ ಬಂದ ಹೊಸ ಹಿಂದಿ ಚಿತ್ರ, ಭಾರೀ ಹೀರೋ. "ಹನ್ನೆರಡು ಜನಕ್ಕೆ ಹೊಡೀತಾನೆ, ಅಂಗಿ ಮಾತ್ರ ಮುದುರಲ್ಲ. ಹೆಂಡ್ತಿ ಸತ್ರೂ ತಲೆ ಬಾಚ್ಕೊಂಡೇ ಅಳ್ತಾನೆ. ಅವನ ಅಮ್ಮನ ಪಾರ್ಟು ಮಾಡಿದಾಳಲ್ಲ, ಅಕ್ಕಿ ಆರಿಸ್ತಾನೇ ಬೈತಾಳೆ, ಕೈ ನಿಲ್ಲಲ್ಲ. ಅವಳಿಗೋಸ್ಕರ ಅರ್ಧ. ಇಲ್ಲಾಂದ್ರೆ ಬೋರಲೇ!"

ಎಂಟು ಗಂಟೆಗೆ ಈಗಿನ ಯಜಮಾನ, ಹಳಬರ ಮಗ ಬಿಸೇಸರ್ ಬರುತ್ತಾನೆ. ಹಲಗೆ ನೋಡಿ ಮುಖ ಸಿಂಡರಿಸುತ್ತಾನೆ.

"ಬುಬು, ಇನ್ನರ್ಧ ತುಂಬಿಸಿಬಿಡಿ. ಶನಿವಾರ ಭಾನುವಾರ ಎದುರಿಗಿದೆ. ಬಾಲ್ಕನಿಲಿ ಒಂದು ಸೀಟಿಗೆ ನಿಮ್ಮ ಹೆಸರು ಬರೆಸ್ತೀನಿ. ಸಾಯೋವರೆಗೂ ಕೂತು ನೋಡಿ."

ಬುಬು ಒಂದು ಗಳಿಗೆ ಬಾಲ್ಕನಿಯ ಮೆಟ್ಟಿಲ ಕಡೆ ನೋಡುತ್ತಾರೆ. "ಆಸೆ ಇಲ್ಲ ಅನ್ನಲ್ಲ ಕಣೋ. ಒಂದು ಪಿಚ್ಚರ್ ಕೂತು ನೋಡ್ಬೇಕು ಅಂತ ಮೂವತ್ತೊಂದು ವರ್ಷದಿಂದ ಇದೆ. ಆದ್ರೆ ಆ ಸೀಟು ನಂಗೆ ಚುಚ್ಚುತ್ತೆ."

"ಹಾಗಾದ್ರೆ ಪೊರಕೆ ಇಟ್ಟು ಹೊರಡಿ."

"ನಿನ್ನ ಸಿಂಬಳ ಒರೆಸಿದ ಕೈ ಇದು. ಹೆದರಿಸ್ಬೇಡ," ಎಂದು ಬುಬು ಪೊರಕೆಯನ್ನು ಅವನ ಕೈಗೇ ಕೊಡುತ್ತಾರೆ. "ಇದು ನಿಂದು, ತಗೋ. ಸೀಮೆಸುಣ್ಣ ನಂದು."

ಬಿಸೇಸರ್ ಅಂಗೈಯಲ್ಲೇ ಹಲಗೆ ಒರೆಸುತ್ತಾನೆ. ಬುಬು ರಸ್ತೆ ದಾಟಿ, ಬಸ್‌ಸ್ಟ್ಯಾಂಡಿನ ಸಿಮೆಂಟು ನೆಲದ ಮೇಲೆ ನೋಯುವ ಮೊಣಕಾಲೂರಿ, ಮಾರುದ್ದದ ಅರ್ಧ ಬಟ್ಟಲು ಬಿಡಿಸುತ್ತಾರೆ. ಸೆಯಂಗಂಗಾದ ಬಸ್ಸಿನಿಂದ ಇಳಿದವರು ಅದನ್ನು ತುಳಿಯದೆ ಸುತ್ತುಬಳಸಿ ನಡೆಯುತ್ತಾರೆ.

ಕೆಲಸ ಹೋಯಿತಲ್ಲ, ಮುಂದೇನು ಎಂದು ಯಾರೋ ಕೇಳುತ್ತಾರೆ. ಬುಬು ಸುಣ್ಣದ ಕೈ ಲಂಗಕ್ಕೆ ಒರೆಸಿಕೊಂಡು ಏಳುತ್ತಾರೆ.

"ಮುಂದೇನು? ಈಗ ನಾನು ಅಲ್ಲಿ ಕೆಲಸದೋಳಲ್ಲ. ಸಂಜೆ ಆಟಕ್ಕೆ ಟಿಕೆಟ್ ತಗೊಂಡು ಕೂತ್ಕೋತೀನಿ. ಯಾವನು ಎಬ್ಬಿಸ್ತಾನೋ ನೋಡೋಣ."