ಎಲ್ಲಾರ ಜಾಗ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೊಪ್ಪಳದಲ್ಲಿ ಊರಿನ ಮುಂದಿನ ಬೆಳವಣಿಗೆಯ ನಕಾಶೆ ಬರೆಯುವ ಕೆಲಸದಲ್ಲಿದ್ದೆ. ವಾಸ ಭಾಗ್ಯನಗರದಲ್ಲಿ, ಒಬ್ಬ ನೇಕಾರರ ಮನೆಯ ಮುಂದಿನ ಕೋಣೆಯಲ್ಲಿ. ನಸುಕಿನಲ್ಲಿ ಎದ್ದು, ಸ್ನಾನ ಮುಗಿಸಿ, ಹಾಸಿಗೆ ಮಡಿಚಿಟ್ಟೇ ಹೊರಗೆ ಬರುವುದು ನನ್ನ ರೂಢಿ. ಅಷ್ಟರಲ್ಲಿ ಮನೆಯ ಯಜಮಾನರೂ ಅವರ ಹೆಂಡತಿಯೂ ಎದುರಿನ ಬಯಲಿನಲ್ಲಿ ಗೂಟ ನೆಟ್ಟು, ಸೀರೆಯ ಹಾಸಿನ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚುತ್ತಿರುತ್ತಿದ್ದರು. ಓಣಿಯ ಮನೆಗಳು ಸರದಿಯಂತೆ ಆ ಬಯಲನ್ನು ಬಳಸುತ್ತಿದ್ದವು. ಮನೆಯೊಳಗೆ ಅಷ್ಟು ಉದ್ದದ ಜಾಗ ಯಾರಿಗೂ ಇರಲಿಲ್ಲ. ಬಯಲಿಲ್ಲದಿದ್ದರೆ ಮಗ್ಗವಿಲ್ಲ.

ನಕಾಶೆಯಲ್ಲಿ ಮನೆಗೆ ಹಳದಿ, ಅಂಗಡಿಗೆ ನೀಲಿ, ಕಾರ್ಖಾನೆಗೆ ನೇರಳೆ. ಆ ಬಯಲು ಬಿಳಿಯಾಗಿತ್ತು. ಬಿಳಿ ಎಂದರೆ ಖಾಲಿ.

"ಖಾಲಿ ಅಂದ್ರ ಕಟ್ಟಡ ಇಲ್ಲದ್ದೋ, ಕೆಲಸ ಇಲ್ಲದ್ದೋ, ಸಾಹೇಬ್ರ?" ಎಂದು ನಮ್ಮ ಅಧಿಕಾರಿಯನ್ನು ಕೇಳಿದೆ.

"ನೀವು ಬಣ್ಣ ಹಚ್ರಿ. ನಿಘಂಟು ಬರೀಬ್ಯಾಡ್ರಿ," ಎಂದರು. ಆದರೂ ಸ್ಥಳ ನೋಡಲು ಬಂದರು.

ಓಣಿಯವರೆಲ್ಲ ಸೇರಿದರು. ಅಧಿಕಾರಿ ನಮ್ಮ ಯಜಮಾನರನ್ನೇ ಕೇಳಿದರು, "ಈ ಜಾಗಾ ಯಾರ್ದು?"

"ಯಾರ್ದೂ ಅಲ್ರಿ ಸಾಹೇಬ್ರ. ಎಲ್ಲಾರದು."

ಹೆಮ್ಮೆಯಿಂದಲೇ ಹೇಳಿದರು. ಒಬ್ಬರು ಅಲ್ಲಿ ಗೋಡೆ ಎಬ್ಬಿಸಲು ಬಂದರೆ ಉಳಿದವರು ಇದೇ ಮಾತು ಹೇಳಿ ತಡೆಯುತ್ತಿದ್ದರು. ಅವರ 'ಎಲ್ಲಾರು' ಎಂದರೆ ಮಗ್ಗವಿದ್ದ ಆ ಓಣಿಯ ಮನೆಗಳು. ಅಧಿಕಾರಿಯ ಪಾಲಿಗೆ 'ಎಲ್ಲಾರು' ಎಂದರೆ ಸರಕಾರ.

"ಸಾರ್ವಜನಿಕ ಅಂತ ಬರ್ಕೊಳ್ರಿ," ಎಂದರು ನನಗೆ.

"ಓಣಿಯವ್ರು ನೂಲು ಹಾಸೋ ಜಾಗ ಇದು. ಸಾರ್ವಜನಿಕ ಅಂದ್ರ ಬ್ಯಾರೆ, ಇದು ಬ್ಯಾರೆ ಐತ್ರಿ," ಎಂದೆ.

"ಅದಕ್ಕ ಯಾವ ಬಣ್ಣ ಐತಿ, ಹೇಳ್ರಿ?"

ಯಾವುದೂ ಇರಲಿಲ್ಲ.

ಅಧಿಕಾರಿ ಹೋದ ಮೇಲೆ ಯಜಮಾನರ ಹೆಂಡತಿ ಗಂಡನಿಗೆ, "ನಮ್ದು ಅಂದಿದ್ರ ಬಾಯಿ ಬೀಳ್ತಿತ್ತೇನು?" ಎಂದರು.

"ನಮ್ದೊಂದ ಮನೀದಲ್ಲಲ್ಲ. ಸುಳ್ಳ ಹೆಂಗ ಹೇಳ್ಲಿ?"

ಎಂಬತ್ತರ ದಶಕದಲ್ಲಿ, ಸಾರ್ವಜನಿಕ ಎಂದು ನಕಾಶೆಗೆ ಸೇರಿದ್ದ ಆ ಬಯಲಿನ ನಡುವೆಯೇ ರಸ್ತೆ ಬಂತು. ಮೊದಮೊದಲು ಅದರ ಅಂಚಿನಲ್ಲಿ ನೂಲು ಕಟ್ಟಿದರು. ಲಾರಿಗಳ ಧೂಳು ಹಸಿ ಗಂಜಿಗೆ ಮೆತ್ತಿಕೊಂಡು ಎಳೆಗಳು ತುಂಡಾದವು. ಒಂದೊಂದೇ ಮನೆ ಕೈಬಿಟ್ಟಿತು. ಕೊನೆಗೆ ನಮ್ಮ ಯಜಮಾನರೂ ಮಗ್ಗ ಬಿಚ್ಚಿದರು. ಕಾಲಿಳಿಬಿಟ್ಟು ಕೂತು ನೇಯುತ್ತಿದ್ದ ಕುಣಿಗೆ ಮಣ್ಣು ತುಂಬಿ, ದಮ್ಮಸು ಮಾಡಿ, ನೆಲ ಸಾರಿಸಿದರು.

ಅವತ್ತು ಸಂಜೆ ನನ್ನ ಬಾಗಿಲಿಗೆ ಬಂದು ನಿಂತರು.

"ಒಳಗೊಂದು ಖೋಲಿ ಆಗೈತ್ರಿ. ನಿಮ್ಮ ಆಫೀಸಿನ್ಯಾಗ ಯಾರರ ಬಾಡಗಿ ಮನಿ ಹುಡಕಾತಿದ್ರ, ಹೇಳ್ರಿ."