ಗಜೇಂದ್ರಗಡದಲ್ಲಿ ಬುಡ್ಡಿ ಬಿಚ್ಚಿದ ಮಧ್ಯಾಹ್ನ

ಹಳೆಯ ಸಿನಿಮಾ ಮಷೀನಿನಿಂದ ಬುಡ್ಡಿ ಬಿಚ್ಚುವವರು ಮೊದಲು ಬುಡ್ಡಿಯನ್ನು ಮುಟ್ಟಲೇಬಾರದು. ಯಾರು ಕೇಳಿದರೂ ನಾನು ಇದನ್ನೇ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಸುತ್ತಲಿನ ತಗಡು, ತಿರುಪು, ಕೆಳಗಿನ ಹಿತ್ತಾಳೆಯ ಬುಡ ಇವೆಲ್ಲ ಸಡಿಲಾದ ಮೇಲೆ ಕಡೆಗೆ ಗಾಜಿಗೆ ಕೈ ಹಾಕಬೇಕು. ಅವಸರದ ಮಂದಿ ನೇರ ಗಾಜನ್ನೇ ಹಿಡಿದು ಮೇಲಕ್ಕೆ ಎಳೆಯುತ್ತಾರೆ. ಗಾಜು ಕೈಗೆ ಬರುತ್ತದೆ, ಬುಡ ಮಷೀನಿನಲ್ಲೇ ಕುಳಿತಿರುತ್ತದೆ. ಆಮೇಲೆ ಯಾರನ್ನು ಬೈದು ಏನು ಬಂತು?

ಬುಡ್ಡಿ ಎಂದರೆ ಅಡಿಗೆಮನೆಯ ಚಿಮಣಿ ಬುಡ್ಡಿಯಲ್ಲ. ಪರದೆಯ ಮೇಲೆ ಚಿತ್ರ ಬೀಳಿಸುವ ದೀಪ. ಗೇಣಿಗಿಂತ ತುಸು ಗಿಡ್ಡ, ಕೊಳವೆಯಂತಹ ಗಾಜು, ಒಳಗೆ ಸಣ್ಣ ತಂತಿಯ ಹೆಣಿಗೆ. ನಮ್ಮ ಕಡೆ ಇನ್ನೂ ಮುಂಬೈ ಸರಕಾರ ಇದ್ದ ಕಾಲದಲ್ಲಿ ಹೊಸ ಬುಡ್ಡಿ ಬೇಕೆಂದರೆ ಮುಂಬೈಯಿಂದಲೇ ಬರಬೇಕಿತ್ತು. ಬರುವಷ್ಟರಲ್ಲಿ ಒಂದು ಸುಗ್ಗಿ ಮುಗಿದಿರುತ್ತಿತ್ತು. ಹಾಗಾಗಿ ಬಲ್ಲವರು ಕೆಟ್ಟುಹೋದ ಮಷೀನು ಹುಡುಕಿ, ಅದರ ಹೊಟ್ಟೆಯೊಳಗಿನ ಬುಡ್ಡಿಯನ್ನು ಒಡೆಯದಂತೆ ಬಿಚ್ಚಿ ತಂದುಕೊಳ್ಳುತ್ತಿದ್ದರು.

ನಾನು ಬಳೆಗಾರರ ಮನೆಯ ಮಗಳು. ತವರು ನರಗುಂದ, ಕೊಟ್ಟದ್ದು ರೋಣಕ್ಕೆ. ಮದುವೆಯಾದ ಮೇಲೂ ಹುರಿಗೆ ಪೋಣಿಸಿದ ಬಳೆಗಳ ಮಲಾರವನ್ನು ಹೆಗಲಿನಿಂದ ಇಳಿಸಲಿಲ್ಲ. ನಮ್ಮ ಮನೆಯವರದು ಬೇರೆ ಕಸುಬು. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ದಂಡಿನ ಸಿನಿಮಾ ಮಷೀನು ಒಂದನ್ನು ಅವರು ಕೊಂಡಿದ್ದರು. ಚಕ್ಕಡಿಯಲ್ಲಿ ಅದನ್ನೂ ಕರೆಂಟು ಹುಟ್ಟಿಸುವ ಎಂಜಿನನ್ನೂ ಹೇರಿಕೊಂಡು ಹಳ್ಳಿಹಳ್ಳಿಗೆ ಹೋಗಿ, ಎರಡು ಗಳಗಳ ನಡುವೆ ಪರದೆ ಕಟ್ಟಿ ಚಿತ್ರ ತೋರಿಸುತ್ತಿದ್ದರು. ಆಟದ ಮಾತುಕತೆ, ಬಾಡಿಗೆ, ಜಾಗ, ಎಲ್ಲ ನನ್ನ ಪಾಲಿನ ಕೆಲಸ. ಅವರಿಗೆ ಚೌಕಾಶಿ ಬರುತ್ತಿರಲಿಲ್ಲ. ಎದುರಿನವರು ಹೇಳಿದ ಮೊದಲ ಮಾತಿಗೇ ‘ಆಗಲಿ’ ಎಂದುಬಿಡುವ ಮನುಷ್ಯ.

ಆದರೆ ಮಷೀನಿನ ಹಿಂದೆ ನಿಂತಾಗ ಅವರನ್ನು ನೋಡಬೇಕಿತ್ತು. ಮಂದಿಯೆಲ್ಲ ಪರದೆಯ ಕಡೆ ಮುಖ ಮಾಡಿದರೆ ನಾನೊಬ್ಬಳು ಹಿಂದಕ್ಕೆ ತಿರುಗಿ ಕೂಡುತ್ತಿದ್ದೆ. ತಗಡಿನ ಸಂದಿಯಿಂದ ಸೋರುವ ಬೆಳಕು ಅವರ ಗಲ್ಲದ ಮೇಲೆ ಬೀಳುತ್ತಿತ್ತು. ಮನೆಯಲ್ಲಿ ಎರಡು ಮಾತಿಗೆ ಮೂರನೆಯದು ಆಡದವರು ಅಲ್ಲಿ ರೀಲಿನೊಂದಿಗೆ, ತಿರುಪಿನೊಂದಿಗೆ, ಎಣ್ಣೆಯ ಕುಡಿಕೆಯೊಂದಿಗೆ ಗುಣುಗುಣು ಮಾತಾಡುತ್ತಿದ್ದರು. ಆ ಮನುಷ್ಯನನ್ನೇ ನಾನು ಮೆಚ್ಚಿದ್ದು.

ಸವಡಿಯಲ್ಲಿ ಒಂದು ಸಂಜೆ ಚಿತ್ರ ಅರ್ಧಕ್ಕೆ ಬಂದಾಗ ಬುಡ್ಡಿ ಹೋಯಿತು. ಕತ್ತಲಾದೊಡನೆ ಮಂದಿ ಸೀಟಿ ಹೊಡೆದರು, ಯಾರೋ ‘ಹಚ್ಚೋ ಮಾರಾಯಾ’ ಎಂದು ಕೂಗಿದರು. ಇವರು ಗಡಿಬಿಡಿಯಲ್ಲಿ ಬಟ್ಟೆ ಸುತ್ತಿದ ಕೈಯನ್ನು ಬಿಸಿ ತಗಡಿನೊಳಗೆ ತೂರಿಸಿ ಬುಡ್ಡಿಯನ್ನು ತಿರುವಿದರು. ಅದು ಅಂಗೈಯಲ್ಲೇ ಸಿಡಿಯಿತು. ರಕ್ತ ಒರೆಸಿಕೊಂಡು ಇದ್ದೊಂದು ಹೆಚ್ಚಿನ ಬುಡ್ಡಿಯನ್ನು ಕೂಡಿಸಲು ಹೋದರು. ಕೈ ನಡುಗಿ ಅದೂ ಕೆಳಗೆ ಬಿತ್ತು.

ಗಾಯ ಮಾಯಿತು, ನಡುಕ ಮಾಯಲಿಲ್ಲ. ಊಟಕ್ಕೆ, ಎತ್ತು ಹೂಡುವುದಕ್ಕೆ ಕೈ ಚಲೋ ಇತ್ತು. ಗಾಜು ಕಂಡರೆ ಮಾತ್ರ ಬೆರಳು ಕುಣಿಯುತ್ತಿದ್ದವು. ಮಷೀನಿನ ಮೇಲೆ ಗೋಣಿತಟ್ಟು ಹೊದಿಸಿ, ಒಂದು ದಿನ ರೊಟ್ಟಿ ಮುರಿಯುತ್ತ ಹೇಳಿದರು:

“ಮಾರಿಬಿಡೂಣು ಅದನ್ನ. ನರಗುಂದದಾಗ ಹತ್ತಿ ಗಿರಣಿಯೊಳಗ ತೂಕದ ಕೆಲಸ ಐತಂತ.”

“ತೂಕದ ಕೆಲಸ ನಿಮಗ? ಎದುರಿನಾಂವ ಅತ್ರ ಅವಂಗ ಮಣಾ ಹತ್ತಿ ಹೆಚ್ಚಿಗಿ ಬರೀತೀರಿ ನೀವು.”

ಅವರು ನಗಲಿಲ್ಲ. ಆಗ ನನಗೆ ಖರೇ ಭಯವಾಯಿತು. ಗಿರಣಿಯ ಕೆಲಸ ಕೆಟ್ಟದ್ದೇನಲ್ಲ. ಆದರೆ ಕೈ ಸೋತಿತೆಂದು ಹೋಗುವವರು ಅಲ್ಲಿಯೂ ಸೋತ ಕೈಯನ್ನೇ ಒಯ್ಯುತ್ತಾರೆ. ಆಗ ನನಗೆ ಏಳು ತಿಂಗಳು. ಹುಟ್ಟುವ ಕೂಸು ಅಪ್ಪನನ್ನು ಮಷೀನಿನ ಹಿಂದೆ ನೋಡಬೇಕೆಂಬುದು ನನ್ನ ಹಟ.

ಗಜೇಂದ್ರಗಡದಲ್ಲಿ ನನ್ನ ಹಳೆಯ ಗಿರಾಕಿ ಮನೆಯೊಂದಿತ್ತು. ನೇಕಾರರಿಗೆ ನೂಲು ಕೊಟ್ಟು ಸೀರೆ ಕೊಳ್ಳುವ ಸಾವುಕಾರರದು. ಅವರೂ ಹಿಂದೊಮ್ಮೆ ಸಿನಿಮಾದ ಹುಚ್ಚಿಗೆ ಬಿದ್ದು, ನಮ್ಮಂಥವೇ ಎರಡು ಮಷೀನು ತರಿಸಿ, ಎರಡೂ ಕೆಟ್ಟ ಮೇಲೆ ನೂಲಿನ ಕೋಣೆಯ ಮೂಲೆಗೆ ತಳ್ಳಿದ್ದರು. ಅವುಗಳಲ್ಲಿ ಬುಡ್ಡಿ ಹಾಗೇ ಇವೆ ಎಂದು ಆ ಮನೆಯ ಹೆಣ್ಣುಮಕ್ಕಳಿಗೆ ಬಳೆ ತೊಡಿಸುವಾಗ ನನ್ನ ಕಿವಿಗೆ ಬಿತ್ತು. ಮರುದಿನವೇ ಮನೆಯವರನ್ನು ಎಬ್ಬಿಸಿ ಬಸ್ಸು ಹತ್ತಿಸಿದೆ. ಬಸ್ಸಿನಲ್ಲಿ ಅವರು ಕೇಳಿದ್ದು ಒಂದೇ ಮಾತು: “ಬಿಚ್ಚಾಕಿ ನೀನ ಹೌದಲ್ಲ?” ನಾನು ಕಿಡಕಿಯ ಹೊರಗೆ ನೋಡಿದೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಬೇಕಾದ ವಸ್ತುವಿನ ಸುದ್ದಿಯನ್ನು ಮೊದಲು ತೆಗೆಯಬೇಡಿ. ನಾನು ಸಾವುಕಾರರ ಕಟ್ಟೆಯ ಮೇಲೆ ಕುಳಿತು ಮೊದಲು ರೀಲಿನ ಡಬ್ಬಿಗಳನ್ನು ಕೇಳಿದೆ, ತುಕ್ಕು ಹಿಡಿದಿವೆ ಎಂದು ಮೂಗು ಮುರಿದೆ, ಮಷೀನು ನಿಲ್ಲಿಸುವ ಕಾಲುಮಣೆಯನ್ನು ಕೇಳಿದೆ. ಹೊರಡುವವಳಂತೆ ಎದ್ದು, ಹೊಸ್ತಿಲಲ್ಲಿ ನಿಂತು ಬುಡ್ಡಿಗಳ ಮಾತು ತೆಗೆದೆ.

“ಅದಕ್ಕs ಬಂದೀಯಂತ ನೀ ಕುಂತಾಗs ಗೊತ್ತಾತು ತಂಗಿ,” ಎಂದರು ಸಾವುಕಾರರು. “ಒಯ್ಯಿ. ಆದ್ರ ಬಿಚ್ಚೂವಾಗ ಒಡದ್ರೂ ಬೆಲಿ ಕೊಡಬೇಕು.”

“ಅದ್ಹ್ಯಾಂಗ ಅಣ್ಣಾರ? ತೊಡಸೂವಾಗ ಒಡದ ಬಳಿಗಿ ನಿಮ್ಮ ಮನ್ಯಾಗ ನಾ ಎಂದರ ರೊಕ್ಕಾ ಕೇಳೇನೇನು? ಒಡದದ್ದು ಮಾರಾವರ ಪಾಲು.”

“ಅದು ತೊಡಸೂದು, ಇದು ಬಿಚ್ಚೂದು.”

“ಬಿಚ್ಚೂದು ಇನ್ನೂ ಕಠಿಣ. ಗುಜರಿಯಾಂವ ನಿಮ್ಮ ತಗಡು ಒಯ್ತಾನ, ಬುಡ್ಡಿ ನಿಮ್ಮ ಎದುರಿಗೇ ಕಲ್ಲಿಗೆ ಒಗೀತಾನ. ಒಡದ್ರ ನಿಮ್ಮ ಮನಿ ಹೆಣಮಕ್ಕಳಿಗೆ ದೀಪಾವಳಿ ಬಳಿ ನಾ ಪುಕ್ಕಟ ತೊಡಸ್ತೀನಿ. ಹೂಂ ಅನ್ರಿ.”

ಸಾವುಕಾರರು ಹೂಂ ಎಂದು, ನಮ್ಮ ಮನೆಯವರ ಕಡೆ ತಿರುಗಿ, “ಇಕೀ ಜೋಡಿ ಹ್ಯಾಂಗ ಬಾಳೇ ಮಾಡ್ತೀಯೋ ತಮ್ಮಾ?” ಎಂದರು.

“ನಾ ಚೌಕಾಶಿ ಮಾಡೂದಿಲ್ಲರಿ,” ಎಂದರು ಇವರು. ಬೆಳಗಿನಿಂದ ಅವರು ಆಡಿದ ಎರಡನೆಯ ಮಾತು ಅದು.

ನೂಲಿನ ಕೋಣೆ ತಂಪಾಗಿತ್ತು, ಗಂಜಿಯ ವಾಸನೆ. ಮೊದಲು ಬುಡ್ಡಿಗಳಲ್ಲಿ ಜೀವವಿದೆಯೇ ನೋಡಬೇಕು, ಸತ್ತ ಬುಡ್ಡಿಗೆ ಬೆವರು ಸುರಿಸಬಾರದು. ಅದನ್ನು ಇವರೇ ಮಾಡಿದರು. ಮಷೀನಿನ ಕೆಳಗಿನಿಂದ ಎರಡು ತಂತಿ ತೂರಿಸಿ, ಬ್ಯಾಟರಿಯ ಸೆಲ್ಲಿಗೂ ಅದರ ಪುಟಾಣಿ ಬಲ್ಬಿಗೂ ಹಚ್ಚಿದರು. ಬಲ್ಬು ಮಿಣಕ್ ಎಂದಿತು. ಎರಡನೆಯದರಲ್ಲೂ ಎಂದಿತು. ಒಳಗಿನ ತಂತಿ ಹರಿದಿಲ್ಲ. ಆದರೆ ಪಕ್ಕದ ಬಾಗಿಲು ತೆಗೆದು ಗಾಜು ಕಂಡದ್ದೇ ತಡ, ಬೆರಳು ಶುರುವಾದವು. ಕೈಯನ್ನು ಬೆನ್ನ ಹಿಂದೆ ಒಯ್ದರು.

“ನೀನ ತಗಿ. ನಿನಗ ಗಾಜಿನ ಗುಣ ಗೊತ್ತು.”

ಖರೇ, ನಾನು ತೆಗೆಯಬಹುದಿತ್ತು. ಇವತ್ತು ತೆಗೆದರೆ ಪ್ರತಿ ಆಟಕ್ಕೂ ನಾನೇ ತೆಗೆಯಬೇಕು, ಅವರು ಎಂಜಿನು ತಿರುವುತ್ತ ಉಳಿಯುತ್ತಾರೆ. ನಾನು ಒಳಗೆ ಹೋಗಿ ಆ ಮನೆಯ ಒಲೆಯ ಮೇಲೆ ಮರಳು ಕಾಯಲು ಇಟ್ಟು ಬಂದೆ. ಹಿತ್ತಾಳೆಯ ಬುಡ ಕಚ್ಚಿ ಹಿಡಿದುಕೊಂಡಿದ್ದರೆ ಬಿಸಿ ಮರಳಿನ ಗಂಟಿನಿಂದ ಕಾವು ಕೊಡಬೇಕು. ಉಪ್ಪಿನ ಗಂಟು ಬೇಡ, ಹಿತ್ತಾಳೆಗೆ ಕಿಲುಬು ಹತ್ತುತ್ತದೆ.

ಮರಳು ಕಾಯುವವರೆಗೆ ನೂಲಿನ ಗಂಟಿಗೆ ಒರಗಿ ಕುಳಿತು ಕೈ ಚಾಚಿದೆ. ತವರಿನಲ್ಲಿ ಸೀಮಂತದ ಕುಬಸ ಮಾಡಿದಾಗ ಅವ್ವ ಎರಡೂ ಕೈ ತುಂಬ ಹಸಿರು ಬಳೆ ಇಡಿಸಿದ್ದಳು. ಆಮೇಲೆ ಬಸುರಿನ ಬಾವು ಏರಿ ಬಳೆಗಳು ಮಣಿಕಟ್ಟಿಗೆ ಕಚ್ಚಿದ್ದವು.

“ಕೈ ಭಾಳ ನೋಯಾಕ ಹತ್ಯಾವ. ಎರಡ ಬಳಿ ತಗೀರಿ.”

“ನಾನs?”

“ಇಲ್ಲಿ ಮತ್ಯಾರದಾರ? ಸಾವುಕಾರ್ನ ಕರೀಲೇನು?”

ಬಳೆ ಬಿಗಿಯಾದದ್ದು ಸುಳ್ಳಲ್ಲ. ನಾನೇ ತೆಗೆದುಕೊಳ್ಳಬಹುದಿತ್ತು ಎಂಬುದೂ ಸುಳ್ಳಲ್ಲ. ಅವರು ಹಿಂದೆ ಸರಿದರು. ಮುತ್ತೈದೆಯ ಬಳೆ, ಅದೂ ಕುಬಸದ ಬಳೆ, ಗಂಡನ ಕೈಯಲ್ಲಿ ಒಡೆದರೆ ಹೇಗೆ?

“ಬಳಿ ಹಿಡೀಬ್ಯಾಡ್ರಿ,” ಎಂದೆ. “ನನ್ನ ಕೈ ಹಿಡೀರಿ.”

ನಮ್ಮ ಕಸುಬಿನ ಗುಟ್ಟು ಇಷ್ಟೇ. ಬಳೆಯನ್ನು ಎಳೆಯುವುದಿಲ್ಲ, ಕೈಯನ್ನು ಸಣ್ಣದು ಮಾಡುತ್ತೇವೆ. ಮೊದಲು ತುಸು ಹೊತ್ತು ಕೈಯನ್ನು ಮೇಲೆತ್ತಿ ಹಿಡಿದರೆ ಬಾವು ಇಳಿಯುತ್ತದೆ. ಮೇಲೆ ಕೊಬ್ಬರಿ ಎಣ್ಣೆ. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಅದರ ಬುಡದ ದಿಂಡನ್ನು ಮೆಲ್ಲಗೆ ಹಿಸುಕುತ್ತ ಹೋಗಬೇಕು. ಎಲುಬು ಒಂದರ ಕೆಳಗೊಂದು ಸರಿಯುತ್ತವೆ. ಬಳೆ ತಾನಾಗಿ ಓರೆಯಾಗಿ ಇಳಿಯುತ್ತದೆ. ಇನ್ನೊಂದು, ಕೈ ಕೊಟ್ಟವಳನ್ನು ಮಾತಿಗೆ ಹಚ್ಚಬೇಕು. ಅವತ್ತು ಕೈ ಹಿಡಿದವರನ್ನೇ ಮಾತಿಗೆ ಹಚ್ಚಬೇಕಾಯಿತು.

“ಗಂಡು ಹುಟ್ಟಿದ್ರ ಏನ ಕಲಸ್ತೀರಿ?”

“ಸಾಲಿ.”

“ಹೆಣ್ಣ ಹುಟ್ಟಿದ್ರ?”

“ಅಕೀಗೂ ಸಾಲಿ.” ತುಸು ತಡೆದು, “ನಿನ್ನಂಗ ಮಾತಾಡೂದು ಮಾತ್ರ ಕಲಸೂದಿಲ್ಲ.”

“ಅದು ರಕ್ತದಾಗs ಬರ್ತೈತಿ. ಬ್ಯಾನಿ ಆಗವಲ್ದು, ಇನ್ನಷ್ಟು ಹಿಸಕ್ರಿ.”

ಎತ್ತಿನ ಹಗ್ಗ, ಎಂಜಿನಿನ ಹಿಡಿಕೆ ಹಿಡಿದ ಒರಟು ಕೈ. ಆದರೂ ಅವರು ನನ್ನ ಕೈಯನ್ನು ಹಿಡಿದ ರೀತಿ ಹೇಳಲು ನನಗೆ ಇವತ್ತಿಗೂ ಮಾತು ಸಾಲದು. ಮದುವೆಯಾಗಿ ಮೂರು ವರ್ಷ ಕಳೆದರೂ ಹಗಲು ಹೊತ್ತಿನಲ್ಲಿ ಅಷ್ಟು ಹೊತ್ತು ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಒಂದು ಬಳೆ ಇಳಿಯಿತು. ಅವರು ಅದನ್ನು ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿದರು. ಎರಡನೆಯದು ಇಳಿಯಿತು. ಮೂರನೆಯದಕ್ಕೆ ಕೈ ಹಾಕಿದಾಗ, “ಸಾಕ್ರಿ, ಬೋಳಗೈ ಮಾಡ್ತೀರೇನು?” ಎಂದೆ. ಅವರ ಬೆರಳ ಕಡೆ ನಾನು ನೋಡಲಿಲ್ಲ. ನೋಡಿದರೆ ಅವರೂ ನೋಡಿಕೊಳ್ಳುತ್ತಿದ್ದರು.

“ಮರಳ ಕಾದೈತಿ,” ಎಂದೆ.

ಅವರು ಎದ್ದು ಎಣ್ಣೆಯ ಕೈಯನ್ನು ಚಲೋ ಒರೆಸಿಕೊಂಡರು. ಇದು ದೊಡ್ಡ ಮಾತು, ನೆನಪಿಡಿ: ಎಣ್ಣೆಯ ಬೆರಳು ಗಾಜಿಗೆ ತಾಕಿದರೆ, ಮುಂದೆ ದೀಪ ಕಾದಾಗ ಅಲ್ಲಿಯೇ ಗಾಜು ಗುಳ್ಳೆ ಏಳುತ್ತದೆ. ಮಷೀನಿನ ಮುಂದೆ ಕುಳಿತರು. ಗಾಜನ್ನು ಮುಟ್ಟಲಿಲ್ಲ. ಬುಡ್ಡಿಯ ಸುತ್ತ ನಿಂತ ತಗಡಿನ ಕೊಳವೆಯ ತಿರುಪುಗಳಿಗೆ ಸೀಮೆಎಣ್ಣೆಯ ಹತ್ತಿ ಹಚ್ಚಿ, ಕಾಯ್ದು, ಸಡಿಲಿಸಿ, ಆ ಕೊಳವೆಯನ್ನೇ ನೇರ ಮೇಲಕ್ಕೆ ಎತ್ತಿ ತೆಗೆದರು. ಗಾಜು ಬಯಲಲ್ಲಿ ನಿಂತಿತು. ಬುಡಕ್ಕೆ ಮರಳಿನ ಗಂಟು ಒತ್ತಿ ಹಿಡಿದರು.

“ಬಾ ಇನ್ನ,” ಎಂದರು. ನನಗೆ ಎಂದುಕೊಂಡು ಒಂದು ಹೆಜ್ಜೆ ಮುಂದೆ ಹೋದೆ. ನನಗಲ್ಲ, ಬುಡ್ಡಿಗೆ. “ಬಾ ಮತ್ತ. ಯಾರೇನ ಮಾಡೂದಿಲ್ಲ ನಿನಗ.”

ಆ ಗುಣುಗುಣು ಕೇಳಿ ಎಷ್ಟು ವಾರಗಳಾಗಿದ್ದವು! ನಾನು ನಿಂತಲ್ಲೇ ನಿಂತೆ. ಅವರು ಒಣ ಬಟ್ಟೆಯಿಂದ ಹಿತ್ತಾಳೆಯ ಅಂಚನ್ನು ಹಿಡಿದು ಕೆಳಕ್ಕೆ ಒತ್ತಿದರು, ಎಳೆಯಲಿಲ್ಲ. ಒತ್ತಿ ಎಡಕ್ಕೆ ಕಾಲು ಸುತ್ತು. ಒಳಗೆ ಎಲ್ಲೋ ಕಿರ್ ಎಂದಿತು. ಅವರು ಕೈ ಬಿಡದೆ ಇನ್ನಷ್ಟು ಕಾವು ಕೊಟ್ಟು, ಮತ್ತೆ ಒತ್ತಿ ತಿರುವಿದರು. ಬುಡ್ಡಿ ಎದ್ದು ಬಂತು. ಇಡಿಯಾಗಿ, ಬುಡ ಸಮೇತ.

ಸಾವುಕಾರರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಹೋತು ನಮ್ಮ ದೀಪಾವಳಿ ಬಳಿ,” ಎಂದರು.

“ಇನ್ನೊಂದೈತಲ್ರಿ,” ಎಂದರು ಇವರು, ಆಗಲೇ ಎರಡನೆಯ ಮಷೀನಿನ ತಿರುಪಿಗೆ ಹತ್ತಿ ಹಚ್ಚುತ್ತ. ಆ ಬುಡ್ಡಿಯ ಗಾಜು ಒಂದು ಮಗ್ಗಲಿಗೆ ಉಬ್ಬಿ ತಗಡಿಗೆ ಆತುಕೊಂಡಿತ್ತು. ನಾನಾಗಿದ್ದರೆ ಅದನ್ನು ಬಿಟ್ಟುಬರುತ್ತಿದ್ದೆ. ಅವರು ತಗಡಿನ ಹೊಲಿಗೆಯನ್ನೇ ಬಿಡಿಸಿ, ಉಬ್ಬಿಗೆ ದಾರಿ ಮಾಡಿಕೊಟ್ಟು, ಅದನ್ನೂ ತೆಗೆದರು.

ಹತ್ತಿ ಸುತ್ತಿ, ಸಾವುಕಾರರು ಕೊಟ್ಟ ಪೆಟ್ಟಿಗೆಯಲ್ಲಿಟ್ಟು ಬಸ್‌ಸ್ಟ್ಯಾಂಡಿಗೆ ಬಂದೆವು. ರೋಣದ ಬಸ್ಸಿನ ಕಂಡಕ್ಟರು, “ಪೆಟಗಿ ಮ್ಯಾಲ ಹಾಕ್ರಿ,” ಎಂದ.

“ಮ್ಯಾಲ ಬೇಕಾದ್ರ ನಾ ಕುಂದರ್ತೀನಿ. ಇದು ಒಳಗs ಬರ್ತೈತಿ,” ಎಂದರು ನಮ್ಮ ಮನೆಯವರು. ಕಂಡಕ್ಟರು ಸರಿದು ದಾರಿ ಬಿಟ್ಟ. ನನಗೇ ಆಶ್ಚರ್ಯ.

ಜಾಗ ಹಿಡಿದು ಕುಳಿತ ಮೇಲೆ ನಾನು ಕೈ ಚಾಚಿದೆ. “ಕೊಡ್ರಿ, ನನ್ನ ಉಡ್ಯಾಗ ಇಟಗೋತೀನಿ.”

“ನಿನ್ನ ಉಡ್ಯಾಗ ಆಗಲೇ ಒಂದೈತಿ. ಇದು ನನ್ನ ಪಾಲಿಗಿರಲಿ.”

ಎರೆಮಣ್ಣಿನ ದಾರಿ. ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ಅವರು ಪೆಟ್ಟಿಗೆಯನ್ನು ತೊಡೆಯಿಂದ ಒಂದಿಷ್ಟು ಮೇಲಕ್ಕೆತ್ತಿ ಹಿಡಿಯುತ್ತಿದ್ದರು. ಎದುರಿಗೆ ಕುಳಿತ ಅಬ್ಬಿಗೇರಿಯ ರೈತರೊಬ್ಬರು ಬಹಳ ಹೊತ್ತು ನೋಡಿ ಕೇಳಿದರು:

“ಏನೈತಿ ತಮ್ಮಾ ಅದರಾಗ?”

“ಸಿನಿಮಾದ ಬುಡ್ಡಿರಿ.”

“ನಮ್ಮೂರಾಗ ತೋರಸ್ತೀಯೇನು?”

“ಯಾಕ ತೋರಸೂದಿಲ್ಲ? ಬರೂ ಅಮಾಸಿ ಆದ ಮ್ಯಾಲ ಬರ್ತೀನ್ರಿ. ಪರದೆ ಕಟ್ಟಾಕ ಎರಡ ಗಳಾ ಕೊಡ್ರಿ ಸಾಕು.”

ಬಾಡಿಗೆಯ ಮಾತಿಲ್ಲ, ಜಾಗದ ಮಾತಿಲ್ಲ, ಎಂಜಿನಿನ ಎಣ್ಣೆ ಯಾರದೆಂಬ ಮಾತಿಲ್ಲ. ಹಾಗೆ ಎಂದೂ ಮಾತು ಕೊಡಬಾರದು. ನನ್ನ ನಾಲಿಗೆ ತುದಿಯವರೆಗೆ ಎಲ್ಲ ಬಂದಿತ್ತು. ನಾನು ಕಿಡಕಿಯ ಕಡೆ ತಿರುಗಿ, ಸೆರಗು ಬಾಯಿಗೆ ಒತ್ತಿಕೊಂಡು, ರೋಣ ಬರುವವರೆಗೆ ಸುಮ್ಮನೆ ಕುಳಿತೆ.