ನಡೆಯಲು ಒಲ್ಲದ ಮನುಷ್ಯ

ಮೊನ್ನೆ ಪೆನ್ಷನ್ ಕಾರ್ಡಿಗೆ ಫೋಟೋ ಬೇಕೆಂದು ನನ್ನನ್ನು ಅಜ್ಜಂಪುರದ ಕಚೇರಿಗೆ ಕರೆದುಕೊಂಡು ಹೋಗಿದ್ದರು. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ, "ಅಜ್ಜೀ, ಅಲ್ಲಾಡ್ಬೇಡಿ, ಕಣ್ಣು ನೆಟ್ಟಗೆ ಬಿಡಿ" ಎಂದಳು. ಬಿಟ್ಟೆ. ಕಾರ್ಡು ಕೈಗೆ ಬಂದ ಮೇಲೆ ನೋಡಿದರೆ ಅದರೊಳಗೆ ಹೆಣ ಕೂತ ಹಾಗೆ ಕೂತಿದ್ದೇನೆ. ಹಾಗೆಂದಿದ್ದಕ್ಕೆ ಮನೆಯವರೆಲ್ಲ ಬೈದರು. ಆದರೆ ಹೆಣದ ಫೋಟೋ ಹೇಗಿರುತ್ತದೆ ಎಂದು ನನಗೆ ಗೊತ್ತು. ಹದಿಮೂರು ವರ್ಷ ಒಂದನ್ನು ಗೋಡೆಗೆ ಹಾಕಿಕೊಂಡು ಬಾಳಿದವಳು ನಾನು. ಓದಿದ್ದು ಮೂರನೇ ಕ್ಲಾಸು, ಹೇಳುವುದು ಹಿಂದೆಮುಂದೆ ಆದೀತು. ನೀವೇ ಹೊಂದಿಸಿಕೊಳ್ಳಿ.

ನನ್ನ ಗಂಡ ಕೊಬ್ಬರಿ ವ್ಯಾಪಾರದವರು. ಸಖರಾಯಪಟ್ಟಣ, ಚೌಳಹಿರಿಯೂರು ಕಡೆಯ ತೋಟಗಳಿಗೆ ಹೋಗಿ ಕಾಯಿ ನೋಡಿ ಬರುವುದು ಅವರ ಕೆಲಸ. ಅರವತ್ತರ ದಶಕದ ಕೊನೆಯಲ್ಲಿ ನಾಲ್ಕು ದಿನದ ಜ್ವರಕ್ಕೆ ಹೋದರು. ಮಗಳು ಗಿರಿಜೆಗೆ ಆಗ ಮೂರು ವರ್ಷ. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ರುಮಾಲು ಸುತ್ತಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಬದುಕಿದ್ದಾಗ ಅವರು ಒಂದು ಫೋಟೋವನ್ನೂ ತೆಗೆಸಿಕೊಂಡಿರಲಿಲ್ಲ. ಹಾಗಾಗಿ ಕಡೂರಿನಿಂದ ಸ್ಟುಡಿಯೋದವನನ್ನು ಕರೆಸಿದರು. ಅವನು ಕೂತ ಹೆಣವನ್ನೇ ತೆಗೆದ. ಆಮೇಲೆ ಮುಚ್ಚಿದ ರೆಪ್ಪೆಯ ಮೇಲೆ ಕರಿ ಬಣ್ಣದಲ್ಲಿ ಎರಡು ಕಣ್ಣು ಬರೆದು, ಕಟ್ಟು ಹಾಕಿಸಿ ಕೊಟ್ಟ. ಆ ಕಾಲದಲ್ಲಿ ಹೀಗೆ ಮಾಡಿಸಿಕೊಂಡ ಮನೆ ನಮ್ಮದೊಂದೇ ಅಲ್ಲ.

ಗಿರಿಜೆ ಅದನ್ನು ನೋಡಿಕೊಂಡೇ ಬೆಳೆದಳು. "ಎತ್ಲಾಗೆ ಹೋದ್ರೂ ಅಪ್ಪ ನನ್ನೇ ನೋಡ್ತದೆ ಕಣವ್ವ" ಅನ್ನುತ್ತಿದ್ದಳು. ಸ್ಕೂಲಿನ ಮಾರ್ಕ್ಸ್ ಕಾರ್ಡನ್ನು ಮೊದಲು ಅದಕ್ಕೆ ತೋರಿಸಿ ಆಮೇಲೆ ನನಗೆ. ಅದು ಸತ್ತ ಮೇಲೆ ತೆಗೆದದ್ದು ಎಂದು ನಾನು ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಹೇಳಲಿಲ್ಲ, ಅಷ್ಟೆ.

ಎಸ್ಸೆಸ್ಸೆಲ್ಸಿ ಆದ ಮೇಲೆ ತರೀಕೆರೆಯಲ್ಲಿ ಡ್ರಾಯಿಂಗ್ ಕಲಿಯುತ್ತೇನೆಂದು ಹಟ ಹಿಡಿದಳು. ಅಲ್ಲೊಬ್ಬ ಮೇಷ್ಟ್ರು ಮನೆಯಲ್ಲೇ ಕ್ಲಾಸು ನಡೆಸಿ ಪರೀಕ್ಷೆಗೆ ಕಟ್ಟಿಸುತ್ತಿದ್ದರು. ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಪಾಸಾದರೆ ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಬಹುದು. ಇಲ್ಲದಿದ್ದರೆ ಅವಳ ಕೈಗೆ ಸಿಗುವುದು ನನ್ನ ಹಾಗೆ ಒಲೆ, ಕೊಬ್ಬರಿ ಅಟ್ಟ. ಆ ಮೇಷ್ಟ್ರದ್ದು ಒಂದು ವಿಚಿತ್ರ ಪಾಠ. ವರ್ಷವಿಡೀ ಒಬ್ಬನೇ ಮನುಷ್ಯನ ಚಿತ್ರ ಬರೆಯಬೇಕು. ಕತೆಯ ಮನುಷ್ಯ, ತಾವೇ ಹುಟ್ಟಿಸಿದವನು. ಅವನು ಉಣ್ಣಬೇಕು, ಜಗಳವಾಡಬೇಕು, ಬಸ್ಸು ತಪ್ಪಿಸಿಕೊಂಡು ಓಡಬೇಕು. ಬೆನ್ನು ಕಂಡರೂ, ನೆರಳು ಕಂಡರೂ ಇವನೇ ಎಂದು ಗೊತ್ತಾಗಬೇಕು. ವಾರಕ್ಕೊಂದು ಹಾಳೆ.

ಗಿರಿಜೆ ಒಬ್ಬ ಕೊಬ್ಬರಿ ವ್ಯಾಪಾರಿಯನ್ನು ಹುಟ್ಟಿಸಿದಳು. ಅವನ ಮುಖ ಯಾರದ್ದೆಂದು ನಾನು ಹೇಳಬೇಕಾಗಿಲ್ಲ. ದಸರಾ ಹೊತ್ತಿಗೆ ಇಪ್ಪತ್ತು ಹಾಳೆಯಾಯಿತು. ಇಪ್ಪತ್ತರಲ್ಲೂ ಅವನು ಬೆನ್ನು ಸೆಟೆಸಿ, ಕಣ್ಣು ಕೀಳದೆ ನೋಡುತ್ತಿದ್ದ. ಓಡುವಾಗಲೂ ಹಾಗೇ, ಉಣ್ಣುವಾಗಲೂ ಹಾಗೇ.

"ಇದೇನೇ, ಹೊಲದ ಬೆರ್ಚಪ್ಪನಿಗೆ ಊಟಕ್ಕಿಕ್ಕಿದೀಯಾ?" ಎಂದೆ.

ಅವಳು ನಗಲಿಲ್ಲ. "ಮೇಷ್ಟ್ರೂ ಅದ್ನೇ ಅಂದ್ರು. ಇವನು ನಡೆಯೋದೇ ಇಲ್ವಲ್ಲಮ್ಮ ಅಂದ್ರು. ಯುಗಾದಿ ಒಳಗೆ ನಡೀದಿದ್ರೆ ಪರೀಕ್ಷೆಗೆ ಕಳ್ಸಲ್ವಂತೆ" ಎಂದಳು. ಆಮೇಲೆ ಫೋಟೋ ಕೆಳಗಿಳಿಸಿ, ಮಂಡಿ ಮೇಲಿಟ್ಟುಕೊಂಡು ಮತ್ತೆ ಹಾಳೆಯ ಮೇಲಿನ ಕಣ್ಣು ತಿದ್ದಲು ಕೂತಳು.

ನನಗೆ ತಡೆಯಲಾಗಲಿಲ್ಲ. "ಲೇ, ಅವು ನಿಮ್ಮಪ್ಪನ ಕಣ್ಣಲ್ಲ ಕಣೇ. ಸ್ಟುಡಿಯೋದವ್ನು ಬರೆದಿದ್ದು. ಸತ್ತ ಮೇಲೆ ಕೂರಿಸಿ ತೆಗೆಸಿದ ಫೋಟೋ ಅದು."

ಇದಕ್ಕಿಂತ ಮೆತ್ತಗೆ ಹೇಳಬಹುದಿತ್ತು. ನನಗೆ ಬರುವುದಿಲ್ಲ.

ಎರಡು ದಿನ ಅವಳು ಕ್ಲಾಸಿಗೆ ಹೋಗಲಿಲ್ಲ. ಮೂರನೇ ದಿನ ಬೆಳಗ್ಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಪೆನ್ಸಿಲ್ಲು ಹಿಡಿದು ಎದುರಿಗೆ ಬಂದು ನಿಂತಳು. "ಹಂಗಾದ್ರೆ ಅಪ್ಪ ನಡೀತಿದ್ದಿದ್ದು ಹೆಂಗೆ? ಮಾಡಿ ತೋರ್ಸು."

ಸೆರಗು ಸಿಕ್ಕಿಸಿಕೊಂಡು, ಖಾಲಿ ಚೀಲವೊಂದನ್ನು ಹೆಗಲ ಮೇಲೆ ಎಸೆದುಕೊಂಡು ನಡೆದೆ. ಬಲ ಹೆಗಲು ಕೆಳಗೆ, ಕತ್ತು ಎಡಕ್ಕೆ. ಅಷ್ಟರಲ್ಲಿ ನಮ್ಮತ್ತೆ ಬಾಗಿಲಿಗೆ ಬಂದರು. "ಥೂ, ಹಾಡ್ಹಗಲೇ ಏನೇ ನಿಂದು, ಹುಚ್ಚು ಗಿಚ್ಚು ಹಿಡೀತಾ?"

"ನಿಮ್ಮ ಮಗ ನಡೀತಿದ್ದಿದ್ದು ತೋರಿಸ್ತಿದೀನಿ ಅತ್ತೆ."

ಅತ್ತೆ ಬಾಗಿಲಲ್ಲೇ ನಿಂತು ನನ್ನ ಕಾಲು ನೋಡಿದರು. ಹಿತ್ತಲ ಎರಡು ಸುತ್ತು ಮುಗಿಯಿತು. "ಎಡಗಾಲು ಹಂಗೆ ಹಾಕ್ತಿರ್ಲಿಲ್ಲ ಕಣೇ ಅವ್ನು. ಹಿಂಗೆ" ಎಂದು ಮೆಟ್ಟಿಲಿಳಿದರು. ಮಂಡಿ ನೋವಿನ ಆ ಮುದುಕಿ, ಒಂದು ಕೈಯಲ್ಲಿ ಗೋಡೆ ಹಿಡಿದು, ಕಾಲಿನ ಹೆಬ್ಬೆರಳು ಹೊರಕ್ಕೆ ಮಾಡಿ ಐದು ಹೆಜ್ಜೆ ಹಾಕಿದರು. ಅದೇ! ಅದೇ ನಡಿಗೆ. ನಾನು ತಲೆ ತಗ್ಗಿಸಿ ಪಾತ್ರೆಗೆ ಕೈ ಹಾಕಿದೆ.

ಅಲ್ಲಿಂದ ನಾಲ್ಕು ತಿಂಗಳು ನನಗೂ ಗಿರಿಜೆಗೂ ಅದೇ ಕೆಲಸ. ನನ್ನ ಗಂಡ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದುದು, ಉಗುರಲ್ಲಿ ಕೊಬ್ಬರಿ ಕೆರೆದು ಮೂಸುತ್ತಿದ್ದುದು, ಬಸ್ಸಿನಿಂದಿಳಿದು ಪಂಚೆ ಕೊಡವುತ್ತಿದ್ದುದು, ಎಲ್ಲ ಮಾಡಿ ತೋರಿಸಿದೆ. ಆದರೆ ಒಂದು ದಿನ ಅವಳು, "ನಗುವಾಗ ಹೆಂಗಿದ್ರು?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಆಗಿನ ಸೊಸೆಯಂದಿರು ಹಿರಿಯರ ಮುಂದೆ ತಲೆ ಎತ್ತಿ ಗಂಡನ ಮುಖ ನೋಡುವಂತಿರಲಿಲ್ಲ. ಮನೆ ತುಂಬ ಹಿರಿಯರು. ಅವರ ಕಾಲು ಗೊತ್ತು, ಕೈ ಗೊತ್ತು, ಬೆನ್ನು ಗೊತ್ತು. ಏಳು ವರ್ಷ ಬಾಳಿಯೂ ನಗು ಗೊತ್ತಿಲ್ಲ. ಮಗಳ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತು. "ಮಧ್ಯಾಹ್ನ ಜಗಲೀಲಿ ಮಲಗಿದ್ದಾಗ ಕದ್ದು ನೋಡ್ತಿದ್ದೆ ಕಣೇ. ಆವಾಗ ಬಾಯಿ ಒಂಚೂರು ತೆಗೆದಿರೋದು" ಎಂದೆ.

ಯುಗಾದಿಗೆ ಮುಂಚೆ ಹಾಳೆಗಳ ಜೊತೆ ನಾನೂ ತರೀಕೆರೆಗೆ ಹೋದೆ. ಹೆಚ್ಚಿನವುಗಳಲ್ಲಿ ಆ ವ್ಯಾಪಾರಿ ಬೆನ್ನು ತಿರುಗಿಸಿದ್ದ, ಇಲ್ಲವೇ ರುಮಾಲಿನ ಮರೆಯಲ್ಲಿದ್ದ. ಮುಖ ಪೂರ್ತಿ ಕಾಣುವುದು ಕೊನೆಯದರಲ್ಲಿ ಮಾತ್ರ. ಕಣ್ಣು ಮುಚ್ಚಿ, ಬಾಯಿ ಒಂಚೂರು ತೆರೆದು ಮಲಗಿದ್ದ. ಮೇಷ್ಟ್ರು ಹಾಳೆಗಳನ್ನು ಗೋಡೆಗಾನಿಸಿ, ಬಾಗಿಲವರೆಗೆ ಹಿಂದೆ ಸರಿದು ನೋಡಿ, ಚೀಲ ಹೊತ್ತು ನಡೆಯುತ್ತಿದ್ದವನ ಕಡೆ ಬೆರಳು ಮಾಡಿದರು.

"ಇವನು ಯಾವೂರಿಗೆ ಹೊರಟವ್ನಮ್ಮ?"

"ಸಖರಾಯಪಟ್ಟಣಕ್ಕೆ ಸಾರ್."

"ಹೊರಟಂಗೇ ಅವ್ನೆ" ಎಂದು ಪರೀಕ್ಷೆಯ ಅರ್ಜಿಗೆ ಸಹಿ ಹಾಕಿದರು.

ಮನೆಗೆ ಬಂದು ಗೋಡೆಯ ಫೋಟೋ ನಾನೇ ಇಳಿಸಿದೆ. ಅತ್ತೆ ಬೇಡ ಅನ್ನಲಿಲ್ಲ. ಗಿರಿಜೆ ಪಾಸಾದಳು, ಟೀಚರ್ ಆದಳು, ಈಗ ರಿಟೈರೂ ಆಗಿದ್ದಾಳೆ.

ನಾನೀಗ ಎಲ್ಲರ ಮುಖವನ್ನೂ ದಿಟ್ಟಿಸಿ ನೋಡುತ್ತೇನೆ. ಅಳಿಯ ಊಟಕ್ಕೆ ಕೂತರೆ ಎದುರಿಗೇ ಕೂರುತ್ತೇನೆ. "ಹಂಗೆ ನೋಡ್ಬೇಡವ್ವ, ಅವರಿಗೆ ಮುಜುಗರ ಆಗ್ತದೆ" ಅನ್ನುತ್ತಾಳೆ ಗಿರಿಜೆ. ಆಗಲಿ. ನಗುವಾಗ ಅವನಿಗೆ ಬಲಗೆನ್ನೆ ಮೊದಲು ಏಳುತ್ತದೆ, ಎಡದ್ದು ಆಮೇಲೆ. ಗಿರಿಜೆ ಅದನ್ನು ಕಂಡಿದ್ದಾಳೋ ಇಲ್ಲವೋ, ನಾನು ಕೇಳಿಲ್ಲ. ನಾನು ಕಂಡಿದ್ದೇನೆ.